ಹೊಸ್ತಿಲಿಗೆ ಯಾವ ಕಟ್ಟಿಗೆ?

ಹೊಸ ಮನೆಯ ಬಾಗಿಲು, ಹೊಸ್ತಿಲಿಗೆ ಕಟ್ಟಿಗೆ ನೋಡಲು ಹೋಗಿದ್ದ ಕೊಟ್ರಪ್ಪ, ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕಾಯುತ್ತಿದ್ದ ತಮ್ಮ ಹೆಂಡತಿ ಕರೆವ್ವನ ಹತ್ತಿರ ಹಿಗ್ಗಿನಿಂದ ಬಂದರು.

“ಮಲೇಶಿಯಾದ ಕಾಡಿಂದು, ಕರೆವ್ವ! ನಮ್ಮೂರು ಕುಪ್ಪೇಲೂರಾಗ ಯಾರ ಮನಿಗೂ ಇಲ್ಲ.”

“ಕಡದ ಜಾಗಾದಾಗ ಮತ್ತ ಗಿಡ ಹಚ್ಚತಾರೇನ್ರಿ?”

“ಬರೇ ಪಾಮ್ ಎಣ್ಣಿ ಗಿಡ ಹಚ್ಚತಾರಂತ.”

“ಅಲ್ಲಿದ್ದ ಮಂಗ್ಯಾ, ಹಕ್ಕಿ?”

“ದಿಕ್ಕಾಪಾಲು. ಹಳ್ಳಾನೂ ಬತ್ಯಾವಂತ.”

“ದಿನಾ ಹೊಸ್ತಿಲಕ್ಕ ಅರಿಷಿಣ ಹಚ್ಚಿ ಕೈ ಮುಗಿಯಾಕಿ ನಾನು. ಅಷ್ಟು ಜೀವದ ಮನಿ ಮುರದು ತಂದ ಕಟ್ಟಿಗಿಗೆ ಕೈ ಮುಗಿಯಂಗಿಲ್ಲ. ಹೊಲದಾಗ ಗಾಳಿಗೆ ಬಿದ್ದ ಬೇವೈತಲ್ಲ, ಅದನ್ನ ಹಾಕಸ್ರಿ.”

“ಬೇವಿಂದು ಊರ ಮಂದಿಗೆಲ್ಲಾ ಐತಿ!”

“ಹಂಗಾರ ಮಲೇಶಿಯಾದ್ದ ಹಾಕಸ್ರಿ. ನಸುಕಿನಾಗ ಎದ್ದು ಪೂಜಾನೂ ನೀವ ಮಾಡ್ರಿ.”

ಕೊಟ್ರಪ್ಪ ಗಲ್ಲ ಕೆರೆದುಕೊಂಡರು. ಅಷ್ಟರಲ್ಲಿ ಬಸ್ಸು ಬಂತು.

“ಬೇವಿಗೆ ಹುಳಾನೂ ಹತ್ತಂಗಿಲ್ಲ ಬಿಡು,” ಎನ್ನುತ್ತ ಕರೆವ್ವನ ಚೀಲ ಹಿಡಿದು ಹತ್ತಿದರು.