ಚಿಕ್ಕಮ್ಮನ ಹೆಜ್ಜೆ ಲೆಕ್ಕ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಸಹೋದ್ಯೋಗಿಗಳೇ, ಸಭಿಕರೇ,

ಇಂದಿನ ಮಾತಿನ ಕೊನೆಯ ಹಾಳೆಯನ್ನು ಬೆಳಿಗ್ಗೆ ಬೇಕೆಂದೇ ಮನೆಯಲ್ಲಿ ಬಿಟ್ಟು ಹೊರಟಿದ್ದೆ. ಗೇಟಿನವರೆಗೆ ಹೋದವಳು ವಾಪಸ್ ಬಂದು ಎತ್ತಿಕೊಂಡೆ. ಅದನ್ನೇ ಮೊದಲು ಓದುತ್ತೇನೆ. ಕೊನೆಗೆ ಉಳಿಸಿಕೊಂಡರೆ ಧೈರ್ಯ ಕೈಕೊಟ್ಟೀತು.

ನನ್ನನ್ನು 'ಸಮುದ್ರ ತಡೆದ ಎಂಜಿನಿಯರ್' ಎಂದು ಪರಿಚಯಿಸಿದಿರಿ. ಸಮುದ್ರಕ್ಕೆ ಈ ವಿಷಯ ಇನ್ನೂ ತಿಳಿದಂತಿಲ್ಲ. ನಾನು ಕಟ್ಟಿಸಿದ ತಡೆಗೋಡೆ ಬಂದರನ್ನು ಉಳಿಸಿದ್ದು ನಿಜ. ಆದರೆ ಯಾರ ಮರಳಿನಿಂದ?

ಗೋಡೆ ಮುಗಿಯುವಲ್ಲಿ, ಉತ್ತರಕ್ಕೆ, ಮೂವತ್ತೊಂದು ಮನೆಗಳಿವೆ. ಮೊದಲನೆಯದು ನನ್ನ ಚಿಕ್ಕಮ್ಮನದು. ಬಲೆ ಹೆಣೆಯುತ್ತಲೇ ನನ್ನನ್ನು ಓದಿಸಿದವರು. ತಿಂಗಳಿಗೊಮ್ಮೆ, ನೀರು ಪೂರ್ತಿ ಏರಿದಾಗ, ಹೊಸ್ತಿಲಿನಿಂದ ಅಲೆಯವರೆಗೆ ಹೆಜ್ಜೆ ಎಣಿಸಿ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುವುದು ಅವರ ರೂಢಿ. ಗೋಡೆಗೆ ಮೊದಲು ನೂರಾ ನಲವತ್ತು. ಎರಡು ವರ್ಷಕ್ಕೆ ತೊಂಬತ್ತು.

"ನಿನ್ನ ಹೆಜ್ಜೆ ಉದ್ದ ಆಗಿರ್ಬೇಕು ಚಿಕ್ಕಮ್ಮ," ಎಂದು ನಕ್ಕಿದ್ದೆ.

"ಮಂಡಿ ನೋವಿಗೆ ಹೆಜ್ಜೆ ಗಿಡ್ಡ ಆಗಿದೆ ಕಣೇ. ಲೆಕ್ಕ ಜಾಸ್ತಿ ಆಗ್ಬೇಕಿತ್ತು. ಅಷ್ಟು ಓದ್ಸಿದ್ದು ಇದಕ್ಕಾ?"

ಮಾರನೆಯ ದಿನ ಟೇಪು ಹಿಡಿದು ಅಳೆದೆ. ಅವರ ಲೆಕ್ಕವೇ ಸರಿ. ದಕ್ಷಿಣದಿಂದ ಸರಿದು ಬರುವ ಮರಳು ನಮ್ಮ ಗೋಡೆಯ ಬಳಿಯೇ ನಿಂತುಬಿಡುತ್ತಿತ್ತು. ವರ್ಷವರ್ಷ ಏರುವ ಸಮುದ್ರ ಇದ್ದದ್ದನ್ನೂ ಒಯ್ಯುತ್ತಿತ್ತು. ಆ ಅಳತೆಯನ್ನು ನಾನು ಗೋಡೆಯ ಬಗ್ಗೆ ಇಲಾಖೆಗೆ ಕೊಟ್ಟ ವರದಿಗೆ ಸೇರಿಸಲಿಲ್ಲ. ಆ ಜಾಗ ಯೋಜನೆಯ ಗಡಿಯಾಚೆಗಿದೆ ಎಂದುಕೊಂಡೆ. ನಿಜವಾಗಿ ಹಾಗಂದುಕೊಂಡೆನೇ, ಅಥವಾ ಹಾಗಂದುಕೊಳ್ಳುವುದು ಅನುಕೂಲವಾಗಿತ್ತೇ? ನೀವು ಇಂದು ಕೊಟ್ಟ ಈ ಫಲಕ ಬಂದದ್ದು ಆ ವರದಿಗೇ.

ಹೋದ ವಾರ ಬಾಗಿಲ ಹಿಂದೆ ಮೂವತ್ತೆಂಟು ಎಂದಿತ್ತು. ಇಲಾಖೆಯವರು ಗೋಡೆಯನ್ನು ಈ ಮೂವತ್ತೊಂದು ಮನೆಗಳಾಚೆಗೂ ಬೆಳೆಸುತ್ತಾರೆ, ನನ್ನ ಸಹಿಯೊಂದೇ ಬಾಕಿ ಎಂದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

"ಆಮೇಲೆ ಆಚೆ ಕೇರಿಯವರ ಮರಳು ಹೋಗುತ್ತೆ, ಅಲ್ವಾ? ಅಲ್ಲಿ ನಿಂಗೆ ಹೆಜ್ಜೆ ಎಣಿಸಿ ಹೇಳೋ ಚಿಕ್ಕಮ್ಮ ಇಲ್ವಲ್ಲ. ನಿಂಗೆ ಕೊಡೋ ಆ ಫಲಕ ಮಾತ್ರ ಇಲ್ಲಿಗೆ ತರ್ಬೇಡ, ಒದ್ದೆ ಆಗುತ್ತೆ."

ಹಾಗಾಗಿ ಸಹಿ ಹಾಕುತ್ತಿಲ್ಲ. ಇಲಾಖೆಗೆ ಪತ್ರ ಬರೆದಿದ್ದೇನೆ: ಗೋಡೆ ಬೆಳೆಸುವುದು ಬೇಡ, ದಕ್ಷಿಣದಲ್ಲಿ ಗುಡ್ಡೆಬಿದ್ದ ಮರಳನ್ನು ಪ್ರತಿವರ್ಷ ಉತ್ತರಕ್ಕೆ ಸಾಗಿಸಿ, ದಿಬ್ಬಗಳ ಮೇಲೆ ಹುಲ್ಲು, ಬಳ್ಳಿ ಹಬ್ಬಿಸಿ, ಜಾಗ ಬಿಡಲೇಬೇಕಾದವರನ್ನು ಮೊದಲೇ ಕೂರಿಸಿ ಕೇಳಿ. ಅವರಲ್ಲಿ ಚಿಕ್ಕಮ್ಮನೂ ಇರಬಹುದು. ಇಷ್ಟು ಮಾಡಿದರೂ ಅವರ ಮನೆ ಉಳಿಯುತ್ತದೆಂದು ನಾನು ಹೇಳಲಾರೆ. ಮುಚ್ಚಿಟ್ಟ ಅಳತೆಯನ್ನೂ ಜೊತೆಗಿಟ್ಟಿದ್ದೇನೆ. ಓದಿದ ಮೇಲೆ ಫಲಕ ವಾಪಸ್ ಕೇಳಿದರೆ ಕೊಡುತ್ತೇನೆ.

ಕರೆದು ಗೌರವಿಸಿದಿರಿ, ತಾಳ್ಮೆಯಿಂದ ಕೇಳಿದಿರಿ, ಋಣಿ. ನಮಸ್ಕಾರ.

ಹಾಂ, ಪತ್ರ ಇನ್ನೂ ಕೈಚೀಲದಲ್ಲೇ ಇದೆ. ಅಂಚೆ ಡಬ್ಬಿ ಇರುವುದು ಚಿಕ್ಕಮ್ಮನ ಬೀದಿಯಲ್ಲಿ. ನಾನು ಹಾಕುವುದನ್ನು ಕಣ್ಣಾರೆ ನೋಡಲು ಅವರೂ ಬರುತ್ತಾರಂತೆ. ಹಾಕುವುದು ನಾಡಿದ್ದು ಸೋಮವಾರ, ಹದಿನೇಳನೇ ತಾರೀಖು.