ಇನ್ನೂ ಬಂದಿಲ್ಲ

ರಿಪೇರಿಗೆ ಕೊಟ್ಟ ನನ್ನ ರಿಮೋಟಿಗಾಗಿ ಟಿವಿ ಅಂಗಡಿಯಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲೇ ವಯಸ್ಸಾದ ಗಂಡ ಹೆಂಡತಿ ಹೊಸ ಟಿವಿ ಆರಿಸುತ್ತಿದ್ದರು.

"ಇದೇ ಇರಲಿ ಕಣ್ರೀ. ಬಾಳಿಕೆ ಬರುತ್ತಂತೆ. ಬಿಟ್ಟಿ ಡಿಜಿಟಲ್ ಚಾನೆಲ್‌ಗಳು ಬೇರೆ ಬಾಕ್ಸ್ ಇಲ್ದೇನೇ ಬರುತ್ತವಂತೆ."

"ಆಂಟೆನಾ?"

"ಅಂಗೈಯಗಲದ್ದು. ಕಿಟಕಿ ಹತ್ರ ಇಟ್ರೆ ಸಾಕು. ನೀವಿನ್ನು ಮಹಡಿ ಹತ್ತಿ ತಿರುಗಿಸೋ ಕೆಲಸ ಇಲ್ಲ."

"ನನಗೇನು ಅದು ಕಷ್ಟ ಆಗಿತ್ತಾ?"

"ಹಳೇದನ್ನೇ ಇನ್ನೊಂದ್ಸಲ ರಿಪೇರಿ ಮಾಡ್ಸೋಣ ಅಂತೀರಾ?"

"ಹಾಗಲ್ಲ. ನೀನು ಕೆಳಗಿಂದ 'ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ' ಅಂತ ಕೂಗ್ತಿದ್ದೆ. ನಾನು ತಿರುಗಿಸ್ತಾನೇ ಇರ್ತಿದ್ದೆ."

"ಚಿತ್ರ ಆಗ್ಲೇ ಬಂದಿರ್ತಿತ್ತು."

"ಏನು?"

"ಪಕ್ಕದ ಮಹಡಿ ಟೈಲರ್ ಜೊತೆ ಹರಟೆ ಹೊಡೀತಾ ನಗ್ತಿದ್ರಲ್ಲ, ಕೆಳಗೆ ಕೇಳಿಸ್ತಿತ್ತು. ರಿಟೈರ್ ಆದ್ಮೇಲೆ ನೀವು ನಗೋದು ಅಲ್ಲಿ ಮಾತ್ರ."

ಯಜಮಾನರು ಟಿವಿಯ ಹಿಂಬದಿಯನ್ನು ಬಗ್ಗಿ ಬಗ್ಗಿ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಇಷ್ಟು ವರ್ಷ ಹೇಳಲೇ ಇಲ್ವಲ್ಲೇ."

"ಹೇಳಿದ್ರೆ ಇಳಿದು ಬಂದ್ಬಿಡ್ತಿದ್ರಿ. ನಡೀರಿ, ಬಿಲ್ ಮಾಡ್ಸೋಣ."

"ಮತ್ತೆ ಇನ್ಮೇಲೆ?"

ಕೌಂಟರಿನತ್ತ ಹೊರಟಿದ್ದ ಆಕೆ ತಿರುಗಲೂ ಇಲ್ಲ.

"ಸಂಜೆ ಆದ ತಕ್ಷಣ ಚಿತ್ರ ಬರ್ತಿಲ್ಲ ಅಂತ ಕೂಗ್ತೀನಿ, ಮಹಡಿಗೆ ಹೋಗಿ."