ಮೊಟ್ಟೆ ಉಗುಳುವ ಕಪ್ಪೆಚಿಪ್ಪು

ದೆಹಲಿಯ ಸರೋಜಿನಿ ನಗರದ ಬಸ್ ಸ್ಟಾಪಿನಲ್ಲಿ ಕನ್ನಡ ಕಿವಿಗೆ ಬಿತ್ತು. ಕಾಲೇಜು ಹುಡುಗಿಯೊಬ್ಬಳು ಮರುದಿನದ ಸೆಮಿನಾರಿನ ವಿಷಯವನ್ನು ಚಿಕ್ಕಮ್ಮನಿಗೆ ಒಪ್ಪಿಸುತ್ತಿದ್ದಳು. ಚಿಕ್ಕಮ್ಮನ ಕಂಕುಳಲ್ಲಿ ನಾಲ್ಕು ಹೊಸ ಚಾಪೆಗಳಿದ್ದವು.

"ಒಂದು ಜಾತಿ ಮೀನು ಮೊಟ್ಟೆ ಇಡೋದೇ ಜೀವಂತ ಕಪ್ಪೆಚಿಪ್ಪಿನೊಳಗೆ, ಚಿಕ್ಕಮ್ಮ. ಮರಿ ಈಜೋ ತನಕ ಅಲ್ಲೇ ಇರುತ್ತೆ."

"ಚಿಪ್ಪಿಗೇನು ಸಿಗುತ್ತೆ?"

"ಏನೂ ಇಲ್ಲ. ಚಿಪ್ಪಿನ ಮರಿಗಳು ಬೇರೆ ಮೀನುಗಳಿಗೆ ಅಂಟ್ಕೊಂಡು ಬೆಳೀತವೆ. ಈ ಮೀನು ಮಾತ್ರ ಅವನ್ನ ಹತ್ತಿರ ಸೇರಿಸಲ್ಲ."

"ನಮ್ಮ ಮೈಸೂರು ಭಾವನ ಹಾಗೆ, ನಿಮ್ಮ ಚಿಕ್ಕಪ್ಪನ ಅಣ್ಣ. ನನ್ನ ಮಗ ಪೃಥ್ವಿ ಪರೀಕ್ಷೆ ಬರೆಯೋಕೆ ಅಲ್ಲಿಗೆ ಹೋದಾಗ ಒಂದು ದಿನಾನೂ ಮನೇಲಿ ಇಟ್ಕೊಳ್ಳಲಿಲ್ಲ. ಈಗ ಅವರ ಮನೆಯ ಎಂಟು ಜನ ದೆಹಲಿ ನೋಡೋಕೆ ಬರ್ತಿದಾರೆ, ಹತ್ತು ದಿನಕ್ಕೆ."

"ಆ ಎರಡು ರೂಮಿನ ಕ್ವಾರ್ಟರ್ಸಿಗಾ?"

"ಸರ್ಕಾರಿ ಕ್ವಾರ್ಟರ್ಸ್ ಅಂದ್ರೆ ಛತ್ರ ಅಂದ್ಕೊಂಡಿದಾರೆ, ಇಪ್ಪತ್ತೆರಡು ವರ್ಷದಿಂದ. ಅಚ್ಛಾ, ಆ ಚಿಪ್ಪು ಸುಮ್ಮನಿರುತ್ತಾ?"

"ಮೀನು ಹೊಸದಾಗಿ ಬಂದಿರೋ ಕಡೆ ಸುಮ್ಮನಿರುತ್ತೆ. ಸಾವಿರಾರು ವರ್ಷ ಜೊತೇಲಿ ಬಾಳಿದ ಕಡೆ ಕಲಿತುಬಿಟ್ಟಿದೆ. ಜೋರಾಗಿ ನೀರು ಚಿಮ್ಮಿ ಮೊಟ್ಟೆನೆಲ್ಲ ಹೊರಗೆ ಉಗುಳುತ್ತೆ."

ಚಿಕ್ಕಮ್ಮ ಚಾಪೆಗಳನ್ನು ಹುಡುಗಿಯ ಕೈಗೆ ಕೊಟ್ಟು ಫೋನ್ ತೆಗೆದರು.

"ಭಾವ, ನಾನು ಇಂದಿರಾ. ಈ ಸಲ ನಮ್ಮನೇಲಿ ಆಗಲ್ಲ. ಕರ್ನಾಟಕ ಭವನದಲ್ಲಿ ರೂಮು ಕೇಳಿ ನೋಡಿ. ಇಲ್ಲ, ನಿಮ್ಮ ತಮ್ಮನ್ನ ಕೇಳಬೇಕಾಗಿಲ್ಲ. ಅಡುಗೆ ಮಾಡೋಳು ನಾನು."

ಲೋಧಿ ಕಾಲೋನಿಯ ಬಸ್ಸು ಬಂದು ನಿಂತಿತು.

"ಚಿಕ್ಕಮ್ಮ, ನಮ್ಮ ಬಸ್ಸು."

"ಹೋಗ್ಲಿ ಬಿಡು. ಆ ಭಯ್ಯಾ ಅಂಗಡಿ ಮುಚ್ಚೋಕೆ ಮುಂಚೆ ಚಾಪೆ ವಾಪಸ್ ಕೊಡೋಣ, ನಡಿ."

ಇಬ್ಬರೂ ರಸ್ತೆ ದಾಟಿ ಮಾರ್ಕೆಟ್ಟಿನ ಕಡೆ ಹೊರಟರು. ಚಿಕ್ಕಮ್ಮ ಮುಂದೆ ಇದ್ದರು.